ಅಮ್ಮನ ಬಲಗಾಲು

ಕಲೊಲೈನೆ ಅಕ್ಕಾ,

ನಿನ್ನನ್ನು ಮಣ್ಣು ಮಾಡಿ ಎರಡು ವರ್ಷವಾಯಿತು. ಆದರೂ ಈ ಸುದ್ದಿ ಹೇಳಲು ನನಗೆ ಬೇರೆ ಯಾರೂ ಇಲ್ಲ. ನಿನ್ನ ಸಕ್ಕರೆ ಕಾಯಿಲೆ ಅಮ್ಮನಿಗೂ ಇತ್ತಲ್ಲ, ಈಗ ನಿನ್ನ ಕಾಲಿನಂತೆ ಅವಳ ಬಲಗಾಲಿನ ಹುಣ್ಣೂ ಕೊಳೆತಿದೆ.

ಇವತ್ತು ನುಕುಅಲೋಫಾದ ಆಸ್ಪತ್ರೆಯಲ್ಲಿ ಡಾಕ್ಟರ್ ಫೆಲೆತಿ ಹೇಳಿದರು: “ಕಾಲು ತೆಗೆದರೆ, ಈ ವಯಸ್ಸಲ್ಲಿ ನೂರಕ್ಕೆ ಹತ್ತು ಜನ ಉಳಿಯಲ್ಲ. ಬಿಟ್ಟರೆ ನಂಜೇರಿ ಎಂಬತ್ತು ಜನ ಉಳಿಯಲ್ಲ.”

ನಿನ್ನ ಹಾಸಿಗೆಯ ಪಕ್ಕದಲ್ಲೂ ಅವರು ಹೀಗೇ ಬಿಡಿಸಿ ಹೇಳಿದ್ದರು. ಅಂದು ನನ್ನ ಕಿವಿಗೆ ಬಿದ್ದದ್ದು ಆಪರೇಷನ್ನಿನಲ್ಲಿ ಸಾಯುವವರ ಲೆಕ್ಕ ಮಾತ್ರ.

“ನೀನೇನಂತೀಯೆ, ಸೆಸಿಲಿಯಾ?” ಎಂದಳು ಅಮ್ಮ. “ಅಕ್ಕನಿಗೆ ಆಪರೇಷನ್ ಬೇಡ ಅಂದೋಳು ನೀನೇ ಅಲ್ವಾ?”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಅವಳ ಹೊದಿಕೆಯ ಅಂಚು ಮಡಿಸುತ್ತಾ ಕೂತೆ. ಕೊನೆಗೆ ಅವಳೇ ಡಾಕ್ಟರ ಕಡೆ ತಿರುಗಿ, “ಇವಳ ಕೈಲಿ ಆಗಲ್ಲ ಬಿಡಿ. ತೆಗೆದುಬಿಡಿ ಡಾಕ್ಟ್ರೇ” ಎಂದಳು.

ನಾಳೆ ಬೆಳಿಗ್ಗೆ ಒಳಗೆ ಕರೆದೊಯ್ಯುತ್ತಾರೆ. ಇವತ್ತು ಮಧ್ಯಾಹ್ನ ಅಮ್ಮ ಆ ಕಾಲಿನ ಉಗುರು ಕತ್ತರಿಸಲು ಹೇಳಿದಳು. “ಎಪ್ಪತ್ತು ವರ್ಷ ನನ್ನನ್ನ ಚರ್ಚಿಗೆ ನಡೆಸಿದ ಕಾಲು ಕಣೆ. ಕೊಳಕಾಗಿ ಕಳಿಸಬಾರದು.”

ಐದೂ ಬೆರಳಿನ ಉಗುರು ಕತ್ತರಿಸಿದೆ, ಅಕ್ಕಾ. ಎಲ್ಲೂ ಗಾಯ ಮಾಡಲಿಲ್ಲ.