ಎಂಬತ್ತೆಂಟನೆಯ ನಿಮಿಷದ ಗೋಲು

ಹುಬ್ಬಳ್ಳಿ,
ಕ್ರಿ.ಶ. ೨೧೭೬, ಹದಿಮೂರನೆಯ ತಿಂಗಳ ಮೂರನೆಯ ದಿನ.

ನಮಗಿಂತ ಹಿಂದೆ ಬದುಕಿದವರೇ, ನಮಸ್ಕಾರ.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಿಮ್ಮ ಹನ್ನೆರಡು ತಿಂಗಳುಗಳನ್ನು ತಲಾ ಇಪ್ಪತ್ತೆಂಟು ದಿನಕ್ಕೆ ಇಳಿಸಿ, ಮಿಕ್ಕ ದಿನಗಳನ್ನೆಲ್ಲ ಕೂಡಿಸಿ ನಾವು ಇನ್ನೊಂದು ತಿಂಗಳು ಮಾಡಿಕೊಂಡಿದ್ದೇವೆ. ಅದಕ್ಕೆ ಉಳಿಕೆ ಎನ್ನುತ್ತೇವೆ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಬಹುದು. ನಿಮ್ಮ ಕಾಲದ ಮಾತನ್ನು ನಾನು ಕಲಿತದ್ದು ರೆಫರಿ ಶಾಲೆಯಲ್ಲಿ, ನಿಮ್ಮ ಫುಟ್‌ಬಾಲ್ ಪಂದ್ಯಗಳ ಹಳೆಯ ವೀಡಿಯೋ ಮುದ್ರಿಕೆಗಳನ್ನು ನೋಡಿ ನೋಡಿ. ತಪ್ಪಿದ್ದರೆ ಕ್ಷಮಿಸಬೇಕು.

ನನ್ನ ಹೆಸರು ಗುರುಸಿದ್ಧವ್ವ ಕಟಗೇರಿ. ವಯಸ್ಸು ಅರವತ್ತಮೂರು. ಎಡಗೈಯಲ್ಲಿ ಬರೆಯುತ್ತಿರುವುದರಿಂದ ಅಕ್ಷರ ಅಷ್ಟು ದುಂಡಗಿಲ್ಲ. ಮೂವತ್ತೆರಡು ವರ್ಷಗಳ ಹಿಂದೆ ನಾನು ಹೇಳಿದ ಒಂದು ಮಾತಿನಿಂದ ಒಬ್ಬ ಮನುಷ್ಯನ ಜೀವ ಹೋಯಿತು. ಅವರ ಹಿಂದೆ ಇನ್ನೂರ ಹನ್ನೆರಡು ಜನರ ಜೀವ ಹೋಯಿತು. ಅದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಆಗ ನಮ್ಮ ಊರಿನಲ್ಲಿ ಎರಡು ತಂಡಗಳಿದ್ದವು. ಹಳೆಯ ಹತ್ತಿ ಗಿರಣಿಗಳ ಓಣಿಗಳಲ್ಲಿ ಹುಟ್ಟಿದ್ದು ನೂಲು. ರೈಲ್ವೆ ಕಾಲೋನಿಗಳಲ್ಲಿ ಹುಟ್ಟಿದ್ದು ಗಾಡಿ. ಮಗು ಹುಟ್ಟಿದ ಹನ್ನೆರಡನೆಯ ದಿನ ಅದರ ಮಣಿಕಟ್ಟಿಗೆ ಪಟ್ಟಿ ಕಟ್ಟುತ್ತಿದ್ದರು, ನೂಲಿನವರಿಗೆ ಕಪ್ಪು, ಗಾಡಿಯವರಿಗೆ ಕೆಂಪು. ಸಾಯುವತನಕ ಅದನ್ನು ಬಿಚ್ಚುವಂತಿರಲಿಲ್ಲ. ಬಸ್ಸಿಗೆ ಎರಡು ಬಾಗಿಲು, ಖಾನಾವಳಿಯಲ್ಲಿ ಎರಡು ಸಾಲು, ಆಸ್ಪತ್ರೆಯಲ್ಲಿ ಎರಡು ವಾರ್ಡು. ಕಪ್ಪು ಪಟ್ಟಿಯವರು ಕೆಂಪು ಪಟ್ಟಿಯವರನ್ನು ಮದುವೆಯಾದರೆ ಅವರಿಗೆ ಪಟ್ಟಿಗೇಡಿ ಎಂದು ಹೆಸರು ಬೀಳುತ್ತಿತ್ತು. ಆ ಹೆಸರು ಬಿದ್ದವರಿಗೆ ಯಾವ ಓಣಿಯಲ್ಲೂ ಬಾಡಿಗೆ ಮನೆ ಸಿಗುತ್ತಿರಲಿಲ್ಲ. ನನ್ನ ಸೋದರಮಾವ ಒಮ್ಮೆ ಪಟ್ಟಿ ಮುಚ್ಚಿಕೊಂಡು ಗಾಡಿಯವರ ಕಡೆ ಕುಳಿತಾಗ ನೂಲಿನ ಗೋಲಿಗೆ ಮರೆತು ಚಪ್ಪಾಳೆ ತಟ್ಟಿದ. ಅಲ್ಲಿಯೇ ಅವನ ಬಲಗಿವಿ ಕತ್ತರಿಸಿದರು. ಮನೆಗೆ ಬಂದವನು ತಲೆಗೆ ಟವೆಲ್ ಸುತ್ತಿಕೊಂಡು ಊಟಕ್ಕೆ ಕುಳಿತ. ಗಾಡಿಯವರ ಎರಡು ಕಿವಿ ಯಾವಾಗ ತರುವುದು ಎಂಬ ಲೆಕ್ಕಾಚಾರ ಊಟ ಮುಗಿಯುವುದರೊಳಗೆ ಶುರುವಾಗಿತ್ತು. ಇದು ನಮಗೆ ವಿಶೇಷವಾಗಿರಲಿಲ್ಲ.

ರೆಫರಿಗಳು ಮಾತ್ರ ಪಟ್ಟಿ ಬಿಚ್ಚಿಸಿಕೊಂಡು ಬಿಳಿಯದನ್ನು ಕಟ್ಟಿಸಿಕೊಳ್ಳುತ್ತಿದ್ದರು. ನಾನು ನೂಲಿನ ಮನೆಯಲ್ಲಿ ಹುಟ್ಟಿದವಳು. ಇಪ್ಪತ್ತೆರಡನೆಯ ವಯಸ್ಸಿಗೆ ಬಿಳಿಪಟ್ಟಿ ಕಟ್ಟಿಸಿಕೊಂಡಾಗ ನನ್ನ ಅಣ್ಣ ಬಸಲಿಂಗ ಒಂದು ವರ್ಷ ನನ್ನೊಡನೆ ಮಾತು ಬಿಟ್ಟಿದ್ದ. ನನಗೆ ಸಿಕ್ಕ ಕೆಲಸ ಮೈದಾನದೊಳಗಿನದಲ್ಲ, ಮರುನೋಟದ ಕೋಣೆಯದು. ಗೋಲು ಸರಿಯೋ ತಪ್ಪೋ ಎಂದು ವೀಡಿಯೋ ನೋಡಿ ಹೇಳುವ ಕೋಣೆ ಅದು. ನಿಮ್ಮಲ್ಲೂ ಇದೆ, ಬೇರೆ ಹೆಸರಿನಿಂದ. ನಮ್ಮಲ್ಲಿ ಯಂತ್ರವೇ ಗೆರೆ ಎಳೆಯುತ್ತಿತ್ತು. ನಾನು ಆ ಗೆರೆಯನ್ನು ನೋಡಿ ರೆಫರಿಯ ಕಿವಿಗೆ ಮಾತು ಮುಟ್ಟಿಸಬೇಕಿತ್ತು. ಕೋಣೆ ಒಪ್ಪದ ತೀರ್ಪು ಕೊಟ್ಟ ರೆಫರಿಯ ಪಟ್ಟಿ ಅಂದೇ ಕಿತ್ತುಕೊಳ್ಳುತ್ತಿದ್ದರು.

ಅಂದು ಮುಂಗಾರು ಕಪ್‌ನ ಅಂತಿಮ ಪಂದ್ಯ, ನೂಲಿಗೂ ಗಾಡಿಗೂ. ಮೈದಾನದ ರೆಫರಿ ಮೈಬೂಸಾಬ ನದಾಫರು. ಐವತ್ತೊಂದು ವರ್ಷದ ಸಣಕಲು ಮನುಷ್ಯ, ಮಾತು ಕಡಿಮೆ. ಮನೆಯಲ್ಲಿ ಹೆಂಡತಿ ಬೀಬಿಜಾನ ಹತ್ತಿ ಹಿಂಜಿ ತಲೆದಿಂಬು ಹೊಲಿಯುತ್ತಿದ್ದುದರಿಂದ ಅವರ ಅಂಗಿಯ ಕಾಲರಿನಲ್ಲಿ ಯಾವಾಗಲೂ ಒಂದೆಳೆ ಹತ್ತಿ ಅಂಟಿರುತ್ತಿತ್ತು. ಪಂದ್ಯಕ್ಕೆ ಮುಂಚೆ ಅವರು ಮೈದಾನವನ್ನು ಒಂದು ಸುತ್ತು ಹಾಕಿ, ಜನ ಎಸೆದ ಮೊಳೆ, ಗಾಜು ಎಲ್ಲ ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅಂದು ಎರಡೂ ಜೇಬು ತುಂಬಿದ್ದವು.

ಪಂದ್ಯಕ್ಕೆ ಸ್ವಲ್ಪ ಮುಂಚೆ ಉಪಕರಣ ಪರೀಕ್ಷಿಸುವಾಗ ಪೂರ್ವದ ಕ್ಯಾಮೆರಾದ ಚಿತ್ರ ಕಾಲು ಸೆಕೆಂಡು ತಡವಾಗಿ ಬರುತ್ತಿರುವುದು ನನ್ನ ಗಮನಕ್ಕೆ ಬಂತು. ಕೋಣೆಯ ಮುಖ್ಯಸ್ಥ ಇರಸಂಗಪ್ಪ ಬೆಳವಟಗಿಯವರಿಗೆ ಹೇಳಿದೆ.

"ಕಾಲ ಸೆಕೆಂಡಿಗೆ ಏನ ಮುಳಗತೈತಿ?" ಎಂದರು ಅವರು. "ಎಂಬತ್ತ ಸಾವಿರ ಮಂದಿ ಬಂದು ಕುಂತಾರ. ಈಗ ಕ್ಯಾಮೆರಾ ಕೆಟ್ಟೈತಿ ಅಂದ್ರ ಇಲ್ಲೇ ಸುಡ್ತಾರ ನಮ್ಮನ್ನ. ಆಟ ಮುಗೀಲಿ, ನಾಳೆ ನೋಡೂಣು."

ನಾನು ಮೈಬೂಸಾಬರಿಗೂ ತಿಳಿಸದೆ ಪರದೆಯ ಮುಂದೆ ಹೋಗಿ ಕುಳಿತೆ.

ಎಂಬತ್ತೆಂಟನೆಯ ನಿಮಿಷದವರೆಗೆ ಎರಡೂ ಕಡೆ ಗೋಲಿಲ್ಲ. ಆಗ ಗಾಡಿಯ ಆಟಗಾರನೊಬ್ಬ ಮಧ್ಯದಿಂದ ಉದ್ದಕ್ಕೆ ಒದ್ದ. ಇನ್ನೊಬ್ಬ ಓಡಿಹೋಗಿ ಅದನ್ನು ತಲೆಯಿಂದ ಬಲೆಗೆ ಹಾಕಿದ. ಮೈಬೂಸಾಬರು ಹತ್ತು ಹೆಜ್ಜೆ ದೂರದಲ್ಲಿದ್ದರು. ಗೋಲೆಂದು ಕೈ ತೋರಿಸಿದರು. ಗಾಡಿಯ ಕಡೆಯ ನಲವತ್ತು ಸಾವಿರ ಜನ ಎದ್ದು ನಿಂತರು. ಅಷ್ಟರಲ್ಲಿ ನನ್ನ ಪರದೆಯ ಮೇಲೆ ಯಂತ್ರ ಕೆಂಪು ಗೆರೆ ಎಳೆಯಿತು: ಚೆಂಡು ಒದ್ದ ಕ್ಷಣದಲ್ಲಿ ಓಡಿದವನು ನೂಲಿನ ಕೊನೆಯ ರಕ್ಷಣಾ ಆಟಗಾರನಿಗಿಂತ ಒಂದು ಮೊಳ ಮುಂದಿದ್ದ, ಎಂದರೆ ಆಫ್‌ಸೈಡ್, ಗೋಲು ಸಲ್ಲದು. ಒದ್ದ ಕ್ಷಣವನ್ನು ತೋರಿಸುತ್ತಿದ್ದುದು ಅದೇ ಪೂರ್ವದ ಕ್ಯಾಮೆರಾ, ಓಡಿದವನನ್ನು ತೋರಿಸುತ್ತಿದ್ದುದು ಬೇರೆಯದು. ಅದು ತಡವಾದಷ್ಟೂ ಓಡುವವನು ಮುಂದೆ ಹೋಗಿರುತ್ತಾನೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೈಕಿನಲ್ಲಿ ಆಫ್‌ಸೈಡ್ ಎಂದೆ.

"ತಂಗೀ, ಖಾತ್ರಿ ಐತೇನವಾ?" ಮೈಬೂಸಾಬರ ದನಿ ಕಿವಿಯಲ್ಲಿ ಬಂತು. "ನನ್ನ ಕಣ್ಣಿಗೆ ಹಂಗ ಕಾಣಲಿಲ್ಲ."

"ಗೆರಿ ಹಂಗ ತೋರಸಾಕತ್ತೈತ್ರೀ ಸರ್."

"ಗೆರಿ ಮಾತ ಬ್ಯಾಡ. ನಾ ನಿನ್ನ ಕೇಳಾಕತ್ತೇನಿ."

ನಾನು ಇರಸಂಗಪ್ಪನವರ ಕಡೆ ನೋಡಿದೆ. ಅವರು ಕಣ್ಣಲ್ಲೇ ಮುಗಿಸು ಎಂದರು.

"ಹೌದ್ರೀ ಸರ್. ಆಫ್‌ಸೈಡ್."

ಅವರು ಕೈ ಅಡ್ಡ ಆಡಿಸಿ ಗೋಲು ರದ್ದು ಮಾಡಿದರು.

ಬೇಲಿ ಮುರಿಯಲು ಗಾಡಿಯವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಆಟಗಾರರು ಸುರಂಗದೊಳಕ್ಕೆ ಓಡಿದರು. ಮೈಬೂಸಾಬರೂ ಬಾಗಿಲ ಹತ್ತಿರ ಬಂದಿದ್ದರು. ಆದರೆ ಗೆರೆಯ ಪಕ್ಕ ಬಾವುಟ ಹಿಡಿಯುತ್ತಿದ್ದ ಸಹಾಯಕ ರೆಫರಿ ತೋಟಪ್ಪ ಅರ್ಧ ದಾರಿಯಲ್ಲಿ ಎಡವಿ ಬಿದ್ದಿದ್ದ. ಅವರು ಹಿಂದಿರುಗಿ ಹೋಗಿ ಅವನನ್ನು ಎಬ್ಬಿಸಿ ಬಾಗಿಲಿನತ್ತ ತಳ್ಳಿದರು. ಅವನು ಉಳಿದ. ಅವರ ಸುತ್ತ ಜನ ಮುಚ್ಚಿಕೊಂಡರು. ಬೇಲಿಯಿಂದ ಕಿತ್ತ ಪೈಪುಗಳಿಂದ ಮೊದಲು ಮೊಣಕಾಲು ಮುರಿದರು. ಬಿದ್ದ ಮೇಲೆ ಸೀಟಿಯ ದಾರದಿಂದ ಕುತ್ತಿಗೆ ಬಿಗಿದು ಗೋಲಿನ ಕಂಬದವರೆಗೆ ಎಳೆದರು. ಅವರ ಜೇಬಿನಲ್ಲಿದ್ದ ಮೊಳೆಗಳೆಲ್ಲ ಹುಲ್ಲಿನ ಮೇಲೆ ಚೆಲ್ಲಿದವು. ಯಾರೋ ಅವನ್ನೂ ಬಳಸಿದರು. ಅದನ್ನು ನಾನು ಬರೆಯಲಾರೆ.

ನಾನು ಇದೆಲ್ಲವನ್ನೂ ಹದಿನೆಂಟು ಕ್ಯಾಮೆರಾಗಳಲ್ಲಿ ನೋಡಿದೆ. ಯಂತ್ರವನ್ನು ಯಾರೂ ನಿಲ್ಲಿಸಿರಲಿಲ್ಲ. ಅದು ಹೊಡೆಯುವವರ ಕಾಲು, ಬಿದ್ದವರ ತಲೆ ಎಲ್ಲವನ್ನೂ ಹುಡುಕಿ ಹುಡುಕಿ ಗೆರೆ ಎಳೆಯುತ್ತಲೇ ಇತ್ತು. ನಾನು ಪಶ್ಚಿಮದ ಕ್ಯಾಮೆರಾದಲ್ಲಿ ಗೋಲನ್ನು ಮತ್ತೊಮ್ಮೆ ಹಾಕಿ ನೋಡಿದೆ. ಓಡಿದವನು ಒಂದು ಗೇಣು ಹಿಂದೆ ಇದ್ದ. ಗೋಲು ಸರಿಯಾಗಿತ್ತು.

ಇರಸಂಗಪ್ಪನವರೂ ನೋಡಿದರು. ಬಾಗಿಲಿನ ಚಿಲಕ ಹಾಕಿ ನನ್ನ ಎದುರು ಬಂದು ಕುಳಿತರು. "ಈಗ ನೀ ಬಾಯಿ ಬಿಟ್ಟಿ ಅಂದ್ರ ಗಾಡಿ ಮಂದಿ ನೂಲಿನವರ ಒಂದ ಮನಿ ಉಳಸೂದಿಲ್ಲ. ನಿಮ್ಮ ಅವ್ವ ಇರೂದೂ ಅದ ಓಣ್ಯಾಗ. ವಿಚಾರ ಮಾಡು," ಎಂದರು. ಪೂರ್ವದ ಕ್ಯಾಮೆರಾದ ಮುದ್ರಿಕೆಯನ್ನು ಅವರೇ ಅಳಿಸಿದರು. ಪಶ್ಚಿಮದ್ದನ್ನು ಮರೆತರು. ಅದಿದ್ದ ಪುಟ್ಟ ಚಿಪ್ ಅನ್ನು ನಾನು ಒಳಉಡುಪಿನಲ್ಲಿ ಇಟ್ಟುಕೊಂಡು ಹೊರಬಿದ್ದೆ.

ಹನ್ನೊಂದು ದಿನ ನಾನು ಬಾಯಿ ಬಿಡಲಿಲ್ಲ. ಆದರೂ ಮನೆಗಳು ಉಳಿಯಲಿಲ್ಲ. ಗಾಡಿಯವರು ಪಂದ್ಯ ಕೆಡಿಸಿದರೆಂದು ಕಪ್ ನೂಲಿಗೆ ಕೊಟ್ಟಿದ್ದರು. ನೂಲಿನವರು ಆ ಗೆಲುವಿನ ಮೆರವಣಿಗೆಯನ್ನು ರೈಲ್ವೆ ಕಾಲೋನಿಯ ಮೂಲಕವೇ ತೆಗೆದರು. ಅಲ್ಲಿಂದ ಶುರುವಾಯಿತು. ಬಸ್ಸುಗಳ ಕೆಂಪು ಬಾಗಿಲಿಗೆ ಹೊರಗಿನಿಂದ ಬೀಗ ಜಡಿದು ಬೆಂಕಿ ಇಟ್ಟರು. ಗಾಡಿಯವರು ಗಿರಣಿ ಓಣಿಯ ನೀರಿನ ಟ್ಯಾಂಕಿನಲ್ಲಿ ಹೆಣ ಹಾಕಿದರು. ಆಸ್ಪತ್ರೆಗೆ ನುಗ್ಗಿ, ಮಲಗಿದ್ದವರ ಪಟ್ಟಿ ನೋಡಿ ನೋಡಿ ಇರಿದರು. ಸುಟ್ಟ ಕೈಯೊಂದರ ಪಟ್ಟಿಯ ಬಣ್ಣ ಗೊತ್ತಾಗದೆ, ಅದನ್ನು ಯಾರು ಹೂಳಬೇಕೆಂದು ಎರಡು ದಿನ ಜಗಳವಾಯಿತು.

ಹನ್ನೆರಡನೆಯ ದಿನ ಮಧ್ಯಾಹ್ನ ನಾನು ಬೀಬಿಜಾನರ ಮನೆಗೆ ಹೋದೆ. ಅವರು ಹತ್ತಿಯ ರಾಶಿಯ ಮುಂದೆ ಕುಳಿತಿದ್ದರು. ಹಿಂಜುತ್ತಿರಲಿಲ್ಲ. ನಾನು ಯಾರೆಂದು ಹೇಳಿದೆ. ನಡೆದದ್ದನ್ನೂ ಹೇಳಿದೆ.

"ಅವರು ನಿನ್ನ ಕೇಳಿದರೇನು?" ಎಂದರು.

"ಎರಡ ಸಲ ಕೇಳಿದರ್ರೀ."

"ನಿನಗ ಸಂಶಯ ಇತ್ತೇನು?"

"ಇತ್ತು."

"ಮತ್ತ ಸಂಶಯ ಐತಿ ಅನ್ನಾಕ ಏನ ಆಗಿತ್ತು ನಿನಗ? ನಾಲಿಗಿ ಬಿದ್ದಿತ್ತೇನು?"

ನಾನು ಅತ್ತೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಕೂರಲೂ ಹೇಳಲಿಲ್ಲ. "ನನ್ನ ಮುಂದ ಅತ್ತರ ಏನ ಬಂತು. ಎಲ್ಲಿ ಹೇಳಬೇಕೋ ಅಲ್ಲಿ ಹೋಗಿ ಹೇಳು," ಎಂದರು.

ನಾನು ಹೋಗಿ, ಕೊಲೆಯ ವಿಚಾರಣೆಗೆ ಸರ್ಕಾರ ನೇಮಿಸಿದ್ದ ಆಯೋಗದ ಮುಂದೆ ಹೇಳಿದೆ. ಮುದ್ರಿಕೆ ಕೊಟ್ಟೆ. ಎರಡು ಗಂಟೆಯಲ್ಲಿ ಊರಿಗೆಲ್ಲ ಗೊತ್ತಾಯಿತು. ಮುಂದೆ ಏನಾಗಬಹುದೆಂದು ನಾನು ಹತ್ತು ಬಗೆಯಲ್ಲಿ ಊಹಿಸಿದ್ದೆ. ಆದದ್ದು ಬೇರೆ. ಗಾಡಿಯವರು ಹಬ್ಬ ಮಾಡಿದರು. ಗೋಲು ನಮ್ಮದೇ, ಕಪ್ ನಮ್ಮದೇ ಎಂದು ಪಟಾಕಿ ಹಚ್ಚಿ ಕುಣಿದರು. ಮೈಬೂಸಾಬರನ್ನು ಹೊಡೆದು ಕೊಂದವರಿಗೆ, ಮೊದಲೇ ಸತ್ಯ ತಿಳಿದವರು ಎಂದು ಹಾರ ಹಾಕಿ ತೆರೆದ ಲಾರಿಯಲ್ಲಿ ಮೆರೆಸಿದರು. ಆ ಲಾರಿ ಸಂಜೆಗೆ ಬೀಬಿಜಾನರ ಓಣಿಗೇ ಬಂತು.

ಸುದ್ದಿ ಕೇಳಿ ನಾನೂ ಅಲ್ಲಿಗೆ ಓಡಿ ಬಂದಿದ್ದೆ. ಅವರು ಬಾಗಿಲು ತೆಗೆದು ಹೊರಬಂದು ಲಾರಿಯ ಮುಂದೆ ನಿಂತರು. ಹಲಗೆ ಬಾರಿಸುವವರು ಮೊದಲು ಅವರನ್ನು ನೋಡಲಿಲ್ಲ. ನೋಡಿದ ಮೇಲೆ ಕೈ ನಿಧಾನವಾಯಿತು.

"ಅವತ್ತ ನಿಮಗ ಗೋಲ ಐತಿ ಅಂತ ಮೊದಲ ಕೈ ಎತ್ತಿದವರು ಯಾರು?" ಎಂದು ಕೇಳಿದರು.

ಹಲಗೆ ಪೂರ್ತಿ ನಿಂತಿತು. ಅವರೇ ಮುಂದುವರಿಸಿದರು:

"ಎಂಬತ್ತ ಸಾವಿರ ಮಂದ್ಯಾಗ ನಿಮ್ಮ ಕಡೆ ಸೀಟಿ ಹಿಡಿದು ನಿಂತಾವ ಒಬ್ಬನ ಇದ್ದ. ಅವನ್ನ ಹುಡುಕಿ ಕೊಂದ್ರಿ. ಈಗ ಕುಣೀರಿ."

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಲಾರಿಯ ಮೇಲಿದ್ದವರಲ್ಲಿ ಒಬ್ಬ, ಸೋಮನಿಂಗ ಎಂಬ ರೈಲ್ವೆ ಲೈನ್‌ಮನ್, ಕೊರಳಿನ ಹಾರ ತೆಗೆದು ಕೆಳಗಿಳಿದು ನಡೆದೇ ಪೊಲೀಸ್ ಠಾಣೆಗೆ ಹೋದ. ಉಳಿದವರು ಮುಂದಿನ ಓಣಿಗೆ ಹೋಗಿ ಮತ್ತೆ ಹಲಗೆ ಶುರು ಮಾಡಿದರು.

ನೂಲಿನವರ ಲೆಕ್ಕ ನನ್ನ ಮೇಲಿತ್ತು. ಮರುದಿನ ಬಸಲಿಂಗ ನಾಲ್ವರನ್ನು ಕರೆದುಕೊಂಡು ನನ್ನ ಮನೆಗೆ ಬಂದ. "ಹುಟ್ಟಿದ ಮನಿಗೆ ಬಂದ ಕಪ್ ಕಳದಿ ನೀನು," ಎಂದ. ಅವನು ಕೂಗಾಡಲಿಲ್ಲ. ಇಬ್ಬರು ನನ್ನನ್ನು ಹಿಡಿದುಕೊಂಡರು. ನನ್ನ ಬಲಗೈಯನ್ನು ಹೊಸ್ತಿಲ ಮೇಲೆ ಇಟ್ಟು ಒಳಕಲ್ಲಿನ ಗುಂಡಿನಿಂದ ಅವನೇ ಜಜ್ಜಿದ. ಚಿಕ್ಕಂದಿನಲ್ಲಿ ನನಗೆ ಸೈಕಲ್ ಕಲಿಸಿದವನು ಅವನು. ಬೆರಳುಗಳು ಮತ್ತೆ ಕೂಡಲಿಲ್ಲ. ಅವನು ಮುಂದಿನ ವಾರದ ಗಲಭೆಯಲ್ಲಿ ಸತ್ತ. ಹೆಣ ಗುರುತಿಸಲು ನನ್ನನ್ನೇ ಕರೆದರು. ನಾನು ಅವನಿಗಾಗಿ ಅತ್ತೆ, ಅದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ.

ಗಲಭೆ ನಿಂತದ್ದು ಯಾರಿಗೂ ಬುದ್ಧಿ ಬಂದದ್ದರಿಂದಲ್ಲ. ಸೈನ್ಯ ಬಂತು. ಆರು ವರ್ಷ ಮೈದಾನಕ್ಕೆ ಬೀಗ ಬಿತ್ತು. ಇರಸಂಗಪ್ಪನವರಿಗೆ ಜೈಲಾಯಿತು. ನನಗೆ ಎರಡು ವರ್ಷ ಆಯಿತು. ಅದು ಕಡಿಮೆ ಎಂದು ಬೀಬಿಜಾನ ಮೇಲ್ಮನವಿ ಹಾಕಿದರು, ಗೆಲ್ಲಲಿಲ್ಲ. ಅವರು ನನ್ನನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ಹೊರಬಂದ ಮೇಲೆ ನಾನು ರೆಫರಿ ಶಾಲೆಯಲ್ಲಿ ಪಾಠ ಹೇಳತೊಡಗಿದೆ. ಈಗ ಮರುನೋಟದ ಕೋಣೆಯವರು ಸಂಶಯವಿದ್ದರೆ ಗೊತ್ತಿಲ್ಲ ಎಂದು ಮೈದಾನಕ್ಕೆಲ್ಲ ಕೇಳುವಂತೆ ಹೇಳಲೇಬೇಕು, ಆಗ ರೆಫರಿ ಕಣ್ಣಾರೆ ಕಂಡದ್ದೇ ತೀರ್ಪು. ಆ ನಿಯಮ ತರಲು ಹದಿನಾಲ್ಕು ವರ್ಷ ಹಿಡಿಯಿತು. ಜನಕ್ಕೆ ಅದು ಇಂದಿಗೂ ಹಿಡಿಸಿಲ್ಲ. ಗೊತ್ತಿಲ್ಲ ಎಂದಾಗಲೆಲ್ಲ ಬಾಟಲಿಗಳು ಬೀಳುತ್ತವೆ. ಪಟ್ಟಿ ಕಟ್ಟುವುದು ಕಾನೂನಿನಲ್ಲಿ ನಿಂತಿದೆ, ಮನೆಗಳಲ್ಲಿ ನಿಂತಿಲ್ಲ. ಕಳೆದ ತಿಂಗಳು ಒಬ್ಬ ಹುಡುಗಿಯ ಮುಖಕ್ಕೆ ಆಸಿಡ್ ಎರಚಿದರು. ಅವಳು ತಪ್ಪು ಬಣ್ಣದ ಕೊಡೆ ಹಿಡಿದಿದ್ದಳಂತೆ.

ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಮೈಬೂಸಾಬರ ಕೊಲೆಯ ವಿಚಾರಣೆಯಲ್ಲಿ ಆರೋಪಿಗಳು ನಲವತ್ತಮೂರು ಜನ. ನ್ಯಾಯಾಧೀಶರು ಒಬ್ಬೊಬ್ಬರನ್ನೂ ನಿಲ್ಲಿಸಿ ನೀವು ಹೊಡೆದವರ ಹೆಸರೇನು ಎಂದು ಕೇಳಿದರು. ಸೋಮನಿಂಗನಿಗೆ ಗೊತ್ತಿತ್ತು. ಇನ್ನೊಬ್ಬ ಅರ್ಧ ಹೇಳಿದ. ನಲವತ್ತೊಂದು ಜನಕ್ಕೆ ಗೊತ್ತಿರಲಿಲ್ಲ. ಅವರಲ್ಲೊಬ್ಬ, ನನ್ನಷ್ಟೇ ವಯಸ್ಸಿನವನು, ನಿಜಕ್ಕೂ ಅರ್ಥವಾಗದವನಂತೆ, "ರೆಫರಿ ಅಂದ್ರ ರೆಫರಿರೀ ಸಾಹೇಬ್ರ. ಅವರಿಗೆ ಹೆಸರ ಯಾಕ?" ಎಂದ.

ನೀವು ನಾಳೆಯೋ ನಾಡಿದ್ದೋ ಯಾವುದಾದರೂ ಪಂದ್ಯಕ್ಕೆ ಹೋಗುತ್ತೀರಿ. ನಿಮ್ಮ ತಂಡಕ್ಕೆ ಅನ್ಯಾಯವೂ ಆಗಬಹುದು, ಖಂಡಿತ ಆಗಬಹುದು. ಎದ್ದು ಕೂಗುವ ಮುಂಚೆ ಪಕ್ಕದವರನ್ನು ಕೇಳಿ, ಸೀಟಿ ಹಿಡಿದಿರುವವರ ಹೆಸರೇನು ಎಂದು. ಅವರಿಗೂ ಗೊತ್ತಿಲ್ಲದಿದ್ದರೆ ಅವರ ಪಕ್ಕದವರನ್ನು ಕೇಳಿ.

ನಿಮ್ಮವಳು,
ಗುರುಸಿದ್ಧವ್ವ ಕಟಗೇರಿ