ಲೇತ್ ನಿಂತರೆ

ಹಿತ್ತಿಲ ಗೊಂಬೆ ಶೆಡ್ಡು,
ದೊಡ್ಡಮಳೂರು

ಅವ್ವಾ,

ಕೂಗಿ ಹೇಳಲು ಗಂಟಲಿಗೆ ಆಗುತ್ತಿಲ್ಲ, ಅದಕ್ಕೇ ಬರೆದು ಬಾಗಿಲಡಿ ತಳ್ಳುತ್ತಿದ್ದೇನೆ. ಕೊರೊನಾ ಬಂದು ಇಲ್ಲಿ ಒಬ್ಬನೇ ಇದ್ದರೂ, ಮರ ಕಡೆಯುತ್ತಾ ಕೂತರೆ ಕಾಯಿಲೆ ಮರೆತೇ ಹೋಗುತ್ತದೆ. ಬಿಸಿ ಅರಗಿನ ವಾಸನೆಯೂ ಮತ್ತೆ ಗೊತ್ತಾಗುತ್ತಿದೆ.

ನಿನ್ನೆ ಕರೆಂಟ್ ಹೋಗಿ ಲೇತ್ ನಿಂತದ್ದೇ ತಡ, "ಯಾಕ್ಲಾ ಮಗಾ, ಏನಾಯ್ತು? ಉಸ್ರು ಕಟ್ತಾ ಐತಾ?" ಎಂದು ನೀನು ಬಾಗಿಲು ಬಡಿದೆ. ದಿನವಿಡೀ ಆ ಸದ್ದಿಗೇ ಕಿವಿಗೊಟ್ಟು ಕೂತಿರುತ್ತೀಯೆಂದು ನನಗೆ ಗೊತ್ತಿರಲಿಲ್ಲ.

ಅಟ್ಟದಿಂದ ಅಪ್ಪನ ಕೈಲೇತ್ ಇಳಿಸಿದ್ದೇನೆ. ಅದಕ್ಕೆ ಕರೆಂಟ್ ಬೇಡ. ಅದನ್ನು ತಿರುಗಿಸುವ ಮರದ ಬಿಲ್ಲಿಗೆ ಕಟ್ಟಲು ಗಟ್ಟಿ ಹಗ್ಗವೊಂದನ್ನು ಊಟದ ತಟ್ಟೆಯ ಜೊತೆ ಇಡು.

ನಾಳೆಯಿಂದ ಸದ್ದು ಬೇರೆ ಇರುತ್ತದೆ, ನಿನಗೆ ಹಳೆಯ ಪರಿಚಯವೇ. ಅದು ನಿಂತಾಗ ನೀನು ಬಾಗಿಲು ಬಡಿಯುತ್ತಿರಲಿಲ್ಲ, ಅಪ್ಪನಿಗೆ ಟೀಗೆ ನೀರಿಡುತ್ತಿದ್ದೆ. ನನಗೂ ಅಷ್ಟೇ ಮಾಡು.

ಗೋಡೆಯ ಈಚೆಯಿಂದ,
ನಿನ್ನ ಕೆಂಪರಾಜು