ಹೊಟ್ಟೆಗೆ ಹೊಲಿಯುವ ಕೈ

ಸಾಲೋಟಗಿ, ತಾ. ಇಂಡಿ
೯ ಮಾರ್ಚ್ ೧೯೭೫, ರವಿವಾರ

ಅವ್ವ ಹೋದ ಮೇಲೆ ನನಗೆ ಅವ್ವನೂ ತವರೂ ಆಗಿರುವ ಇಂದ್ರಾ ಅಕ್ಕನಿಗೆ, ತಂಗಿ ರೇವವ್ವನ ನಮಸ್ಕಾರಗಳು.

ನಿನ್ನ ಮೊಣಕಾಲು ನೋವು ಹೇಗಿದೆ? ಇಡೀ ದಿನ ನಿಂತೇ ಪಾಠ ಹೇಳಬೇಡ, ಸಾಲೆಯ ಕುರ್ಚಿ ಇನ್ಸ್‌ಪೆಕ್ಟರ್ ಸಾಹೇಬರಿಗೆಂದೇ ಇಟ್ಟದ್ದಲ್ಲ. ಮಾಮಾ ಬೀಡಿ ಬಿಟ್ಟರೋ, ಇಲ್ಲಾ ಬಿಟ್ಟೆನೆಂದು ಹೇಳುವುದನ್ನಷ್ಟೇ ಕಲಿತರೋ? ನಾಲತವಾಡದಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ನನ್ನ ಸೊಟ್ಟ ಅಕ್ಷರ ನೋಡಿ ಗಾಬರಿಯಾಗಬೇಡ. ಎಡಗೈಗೆ ಪಟ್ಟಿ ಕಟ್ಟಿದ್ದರಿಂದ ಹಿಡಿಯಲಾಗದೆ ಕಾಗದ ಸರಿದಾಡುತ್ತಿದೆ, ಅದರ ಮೇಲೆ ಅಡಕೊತ್ತು ಇಟ್ಟುಕೊಂಡು ಬರೆಯುತ್ತಿದ್ದೇನೆ.

ಸುದ್ದಿ ನಿನಗೆ ಅರ್ಧಮರ್ಧ ಮುಟ್ಟಿರಬೇಕು, ಪೂರ್ತಿ ನಾನೇ ಹೇಳುತ್ತೇನೆ. ದನಗಳಿಗೆ ಜೋಳದ ಕಣಿಕೆ ಕತ್ತರಿಸುವ ಯಂತ್ರ ಹೋದ ವರ್ಷ ತಂದೆವಲ್ಲ, ಅದಕ್ಕೆ ನಾನು ಕಣಿಕೆ ಕೊಡುತ್ತಿದ್ದೆ, ಅತ್ತೆ ಚಕ್ರ ತಿರುಗಿಸುತ್ತಿದ್ದರು. ಹಸಿ ಕಣಿಕೆ ಸುತ್ತಿಕೊಂಡು ಕೈಯನ್ನೂ ಒಳಗೆ ಎಳೆಯಿತು. ಕಿರುಬೆರಳು, ಅದರ ಪಕ್ಕದ ಬೆರಳು ಹೋದವು. ಮುಂಗೈ ಮೇಲಿನ ಚರ್ಮ ಮಣಿಕಟ್ಟಿನ ತನಕ ಸುಲಿದು ಎಲುಬು ಕಾಣಿಸಿತು. ಅಂದಿನಿಂದ ಅತ್ತೆ ನನಗೆ ತುತ್ತು ಮಾಡಿ ಉಣ್ಣಿಸುತ್ತಾರೆ, ಉಣ್ಣಿಸುತ್ತಲೇ ಅಳುತ್ತಾರೆ, ಸಾರಿಗೆ ಬೇರೆ ಉಪ್ಪೇ ಬೇಕಿಲ್ಲ. ಅತ್ತೆ ಸೊಸೆಯ ಕೈ ಕತ್ತರಿಸಿದಳೆಂದು ಓಣಿಯ ಕೆಲವರು ಆಡಿಕೊಳ್ಳುತ್ತಾರಂತೆ. ಅವರ ಬಾಯಲ್ಲಿ ಹುಳ ಬೀಳಲಿ. ಇಂಥ ಅತ್ತೆ ಅವರಿಗೆ ಏಳು ಜನ್ಮಕ್ಕೂ ಸಿಗುವುದಿಲ್ಲ.

ಇಂಡಿಯಲ್ಲಿ ಪಟ್ಟಿ ಕಟ್ಟಿ ಸೊಲ್ಲಾಪುರಕ್ಕೆ ಕಳಿಸಿದರು. ಅಲ್ಲಿನ ಡಾಕ್ಟರರದು ಬರೀ ಮರಾಠಿ, ನಮ್ಮ ಮನೆಯವರು ಕೇಳಿ ಕೇಳಿ ನನಗೆ ತಿಳಿಸಿ ಹೇಳಿದರು. ಎಲುಬಿನ ಮೇಲೆ ಜೀವವಿರುವ ಚರ್ಮ ಬೇಗ ಹೊದಿಸದಿದ್ದರೆ ಅದು ಒಣಗಿ ಕೊಳೆಯುತ್ತದೆ, ಆಮೇಲೆ ಮಣಿಕಟ್ಟಿನಿಂದಲೇ ತೆಗೆಯಬೇಕಾದೀತು. ಅದಕ್ಕೆ ಹೊಟ್ಟೆಯ ಚರ್ಮವನ್ನು ಜೇಬಿನ ಹಾಗೆ ಎತ್ತಿ, ಕೈಯನ್ನು ಅದರೊಳಗಿಟ್ಟು ಹೊಲಿಯುತ್ತಾರೆ. ಮೂರು ವಾರ ಕೈ ಹೊಟ್ಟೆಗೇ ಅಂಟಿಕೊಂಡಿರಬೇಕು. ಚರ್ಮ ಕೈಯ ರಕ್ತ ಕುಡಿಯಲು ಕಲಿತ ಮೇಲೆ ಕತ್ತರಿಸಿ ಬಿಡಿಸುತ್ತಾರೆ. ಉಳಿದ ಬೆರಳು ಮಡಿಚುವಂತೆ ಮಾಡಲು ಮತ್ತೊಂದು ಆಪರೇಷನ್. ಮನೆಯವರು ಅಲ್ಲೇ ಒಪ್ಪಿಬಿಟ್ಟರು. “ಕೈ ಉಳಿತೈತಿ ಅಂದ್ರ ಹೊಟ್ಟಿಗೇನು, ಬೆನ್ನಿಗೆ ಹೊಲಿದ್ರೂ ಹೊಲೀಲಿ” ಎಂದರು. ಹೊಲಿಸಿಕೊಳ್ಳುವವಳು ನಾನು, ಧೈರ್ಯ ಮಾತ್ರ ಅವರದು. ಬರುವ ಶನಿವಾರ ಆಪರೇಷನ್, ಶುಕ್ರವಾರ ಸಂಜೆ ಇಂಡಿ ರೋಡ್ ಸ್ಟೇಷನ್ನಿನಿಂದ ರೈಲು ಹತ್ತುತ್ತೇವೆ.

ಅದೇ ದವಾಖಾನೆಯ ಪಡಸಾಲೆಯಲ್ಲಿ ಸಿಂದಗಿಯ ಗುಡುಸಾಬ ಎಂಬವರು ಕುಳಿತಿದ್ದರು. ಶೇಂಗಾ ಒಡೆಯುವ ಯಂತ್ರಕ್ಕೆ ಕೈ ಕೊಟ್ಟವರು. ಬಲಗೈ ಹೊಟ್ಟೆಗೆ ಹೊಲಿದಿತ್ತು, ಎಡಗೈಯಲ್ಲಿ ಚಹಾ ಕುಡಿಯುತ್ತಿದ್ದರು. ನಾನು ಅಳುವುದನ್ನು ನೋಡಿ, “ಅಂಜಬ್ಯಾಡ ತಂಗಿ. ಇದು ಹೊಟ್ಟಿ ಚರ್ಮ, ನನಗ ಹೊಟ್ಟಿ ಬಂದ್ರ ಕೈಗೂ ಹೊಟ್ಟಿ ಬರ್ತೈತಂತ” ಎಂದು ನಕ್ಕರು. ಅವರ ಹೆಂಡತಿ ಜೋಹರಾಬಿಯೂ ನಕ್ಕಳು, ಅತ್ತೆಯೂ ಅಳು ಮರೆತು ನಕ್ಕರು. ನಾನು ಮಾತ್ರ ಗೋಡೆ ಹಿಡಿದು ಕುಳಿತೆ.

ಅಕ್ಕಾ, ನನಗೆ ಬಹಳ ಅಂಜಿಕೆಯಾಗಿದೆ. ಇದ್ದ ನೋವನ್ನು ಹಲ್ಲು ಕಚ್ಚಿ ತಡೆಯುತ್ತೇನೆ, ನೀನು ಬಲ್ಲೆ. ಬೆರಳು ಹೋದದ್ದಕ್ಕೂ ಅತ್ತು ಮುಗಿಸಿದೆ. ರೊಟ್ಟಿ ಬಡಿಯಲು ಎರಡು ಕೈ ಬೇಕು, ಈ ಕೈ ನನಗೆ ಬೇಕೇ ಬೇಕು. ಆದರೆ ಹೊಟ್ಟೆಗೆ ಕತ್ತಿ ಹಾಕುತ್ತಾರೆಂಬುದು ನೆನಪಾದರೆ ಅತ್ತೆ ಕೊಟ್ಟ ತುತ್ತು ಬೇಡವೆಂದು ಮುಖ ತಿರುಗಿಸುತ್ತೇನೆ. ಎಷ್ಟು ಆಳ ಕೊಯ್ಯುತ್ತಾರೆ ಎಂದು ಮನೆಯವರಿಂದ ಎರಡು ಸಲ ಕೇಳಿಸಿದೆ. ಮೇಲಿನ ಚರ್ಮ ಅಷ್ಟೇ ಎಂದರಂತೆ. ಎಚ್ಚರ ತಪ್ಪಿಸುವ ಔಷಧಿ ಮೈಯಲ್ಲಿ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಕೇಳಿಸಿದ್ದಕ್ಕೆ ಮನೆಯವರಿಗೇ ಸಿಟ್ಟು ಬಂತು. ನೀನೇನು ಡಾಕ್ಟರಕಿ ಕಲಿಯುವವಳೇ ಎಂದು ಗದರಿದರು.

ಮಾಮನವರಿಗೆ ನಮಸ್ಕಾರ ತಿಳಿಸು, ಮಕ್ಕಳ ಗಲ್ಲಕ್ಕೆ ನನ್ನ ಹೆಸರಲ್ಲಿ ಒಂದೊಂದು ಮುತ್ತು ಕೊಡು. ನಿನ್ನ ಹಾರೈಕೆ ನನ್ನ ತಲೆಯ ಮೇಲಿರಲಿ.

ನಿನ್ನ ತಂಗಿ,
ರೇವವ್ವ

ತಾ.ಕ.: ಈ ಕಾಗದ ಒಯ್ಯುವ ಮಶಾಕಸಾಬ ಕಾಕಾ ಎತ್ತಿನ ವ್ಯಾಪಾರಕ್ಕೆ ನಿಮ್ಮ ಕಡೆ ಹೊರಟಿದ್ದಾರೆ, ಬಸ್ಸು ತಪ್ಪುತ್ತದೆಂದು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾರೆ. ಇದನ್ನು ನೀನೊಬ್ಬಳೇ ಓದು. ನನಗೆ ಮೂರನೆಯ ತಿಂಗಳು. ಮನೆಯವರಿಗೂ ಹೇಳಿಲ್ಲ. ಹಿಂದಿನ ಎರಡು ಸಲವೂ ಮೊದಲೇ ಬಾಯಿ ಬಿಟ್ಟೆ, ಎರಡೂ ನಿಲ್ಲಲಿಲ್ಲ. ಈ ಸಲ ತವರಿನವರು ಬಂದು ಗುಟ್ಟಾಗಿ ಕಳ್ಳಕುಬಸದ ರವಿಕೆ ತೊಡಿಸುವ ತನಕ ತವರನ್ನು ಬಿಟ್ಟು ಯಾರ ಮುಂದೆಯೂ ಆಡುವುದಿಲ್ಲವೆಂದು ಮನೆದೇವರ ಮುಂದೆ ಆಣೆ ಮಾಡಿದ್ದೇನೆ. ಬಸಿರೇನಾದರೂ ಇದೆಯೇ ಎಂದು ಡಾಕ್ಟರರು ಮನೆಯವರಿಂದ ಕೇಳಿಸಿದ್ದರು. ಪಕ್ಕದಲ್ಲಿದ್ದ ಅತ್ತೆ “ಅಂಥಾದ್ದೇನೂ ಇಲ್ರಿ” ಎಂದರು. ನಾನು ನೆಲ ನೋಡುತ್ತ ನಿಂತೆ. ಹೇಳಿದರೆ ಕೂಸು ಹೋದೀತು, ಹೇಳದಿದ್ದರೂ ಹೋದೀತು. ಶುಕ್ರವಾರದೊಳಗೆ ಬಾ ಅಕ್ಕಾ, ಕುಬಸ ತೊಡಿಸಿ ನನ್ನ ಬಾಯಿ ಬಿಡಿಸು. ಎಡತೋಳು ಅಗಲವಾಗಿ ಹೊಲಿಸು, ಪಟ್ಟಿ ಕಟ್ಟಿದ ಕೈ ಅದರಲ್ಲಿ ಹಾಯಬೇಕು.